ಹದಿಮೂರು ಕಾರ್ಡು, ಒಂದು ತಪ್ಪು

ಕಪಾಟಿನ ಬಾಗಿಲು ಹಾರುಹೊಡೆದಿತ್ತು. ಬೀಗ ಮುರಿದಿರಲಿಲ್ಲ. ಒಳಗಿದ್ದ ಕಾರ್ಡಿನ ಪೆಟ್ಟಿಗೆ ಮಾತ್ರ ಮಂಗಮಾಯ.

"ಕೀಲಿ ಯಾರ ಹತ್ರ ಇರುತ್ತೆ?" ಇನ್‌ಸ್ಪೆಕ್ಟರ್ ಕೇಳಿದಳು. ಠಾಣೆಯಲ್ಲಿ ಅವಳಿಗೆ ಕೊಕ್ಕೆ ಮೇಡಂ ಎಂದೇ ಹೆಸರು. ಎಲ್ಲದಕ್ಕೂ ಕೊಕ್ಕೆ ಹಾಕುತ್ತಾಳೆ, ಹಾಕಿದ್ದನ್ನು ಸುಲಭಕ್ಕೆ ಬಿಡುವುದಿಲ್ಲ.

"ಇರೋದೇ ಒಂದು. ಅದು ನನ್ನ ಜೇಬಲ್ಲೇ ಇರುತ್ತೆ," ಎಂದ ಅಣ್ಣ, ಆ ಪುಟ್ಟ ಮುದ್ರಣಾಲಯದ ಯಜಮಾನ. ಹೇಳಿದ ಮೇಲೆ ಅದರ ಅರ್ಥ ಹೊಳೆದು ಅವನ ಮುಖ ಬಿಳಿಚಿಕೊಂಡಿತು.

ಆ ಕಾರ್ಡಿನ ಆಟ ಕಟ್ಟಿದವಳು ಅವನ ತಂಗಿ, ಕಾಲೇಜಿನಲ್ಲಿ ಗಣಿತದ ಮೇಡಂ. ಕಾರ್ಡುಗಳ ಮೇಲೆ ಚಿತ್ರ ಬರೆದವಳೂ ಅವಳೇ. ಮರುದಿನವೇ ಆಟಿಕೆ ಕಂಪನಿಗೆ ತೋರಿಸಬೇಕಿತ್ತು. ಇದ್ದದ್ದು ಅದೊಂದೇ ಕಟ್ಟು.

ಕತ್ತರಿಸುವ ಯಂತ್ರದ ಕೆಲಸಗಾರ ಕೊಕ್ಕೆಯ ಕಿವಿಯಲ್ಲಿ ಊದಿದ: "ಅಣ್ಣ-ತಂಗಿ ನಿನ್ನೆ ಜಗಳ ಆಡಿದ್ರು. ಡಬ್ಬದ ಮೇಲೆ ತನ್ನ ಹೆಸರೂ ಇರ್ಬೇಕು ಅಂತ ಅಣ್ಣ ಹಟ ಹಿಡಿದಿದ್ದ."

ಕೊಕ್ಕೆ ತಂಗಿಯ ಕಡೆ ತಿರುಗಿದಳು. "ಕಾರ್ಡುಗಳನ್ನ ಕೊನೆಗೆ ನೋಡಿದ್ದು ಯಾವಾಗ?"

"ಸಂಜೆ." ತಂಗಿ ನೆಲ ನೋಡಿದಳು. "ಸುಮ್ನೆ ಎಣಿಸಿ ಇಟ್ಟೆ, ಅಷ್ಟೇ."

ಆ 'ಅಷ್ಟೇ' ಕೊಕ್ಕೆಗೆ ಹಿಡಿಸಲಿಲ್ಲ. ಏನೋ ಮುಚ್ಚಿಡುತ್ತಿದ್ದಾಳೆ, ಬಹುಶಃ ಅಣ್ಣನನ್ನೇ.

* * *

ಅಷ್ಟರಲ್ಲಿ ಭಾವ ಬಂದ. ಅಕ್ಕನ ಗಂಡ, ಹಳೆ ಪೀಠೋಪಕರಣದ ವ್ಯಾಪಾರಿ. ಬಾಯಿ ತುಂಬ ಸಮಾಧಾನ.

"ಹೋಗ್ಲಿ ಬಿಡಮ್ಮ. ನಾನೂ ಇಂಥದ್ದೇ ಒಂದು ಆಟ ಮಾಡಿದೀನಿ, ಪ್ರಾಣಿಗಳ ಚಿತ್ರದ್ದು. ನಾಳೆ ನಾನೇ ತೋರಿಸ್ತೀನಿ. ಮನೆ ಮಾನ ಮನೆಯಲ್ಲೇ ಉಳಿಯುತ್ತೆ."

ಅವನು ಹೋದ ಮೇಲೆ ಕೊಕ್ಕೆ ಅಣ್ಣನನ್ನು ಹೊರಗೆ ಕಳಿಸಿ, ತಂಗಿಯೆದುರು ಕುರ್ಚಿ ಎಳೆದುಕೊಂಡಳು. "ಈ ಆಟ ಏನು, ನನ್ನಂಥ ದಡ್ಡಿಗೆ ಅರ್ಥ ಆಗೋ ಹಾಗೆ ಹೇಳಿ."

"ಹದಿಮೂರು ಚಿತ್ರ, ಹದಿಮೂರು ಕಾರ್ಡು. ಕಾರ್ಡಿಗೆ ನಾಲ್ಕು ಚಿತ್ರ. ಯಾವ ಎರಡು ಕಾರ್ಡು ತೆಗೆದ್ರೂ ಎರಡರಲ್ಲೂ ಇರೋ ಚಿತ್ರ ಒಂದೇ ಒಂದು. ಅದನ್ನ ಮೊದಲು ಕಂಡು ಕೂಗಿದವರು ಗೆದ್ದ ಹಾಗೆ."

"ಅದೇನು ಮಾಟವೇ?"

"ರೇಖಾಗಣಿತ. ಚಿತ್ರ ಅಂದ್ರೆ ಬಿಂದು, ಕಾರ್ಡು ಅಂದ್ರೆ ರೇಖೆ. ಇಲ್ಲಿ ಸಮಾಂತರ ರೇಖೆಗಳೇ ಇಲ್ಲ, ಯಾವೆರಡೂ ಒಂದು ಕಡೆ ಸೇರಲೇಬೇಕು. ಸೊನ್ನೆ, ಒಂದು, ಎರಡು, ಈ ಮೂರೇ ಅಂಕಿ ಬಳಸೋ ಸದಿಶಾಕಾಶದಿಂದ, ಅಂದ್ರೆ ವೆಕ್ಟರ್‌ಗಳ ಲೆಕ್ಕದಿಂದ, ಇದನ್ನ ಕಟ್ಟಿದೆ."

"ಹಾಗಾದ್ರೆ ಭಾವನ ಆಟದ ಒಳರಚನೆಯೂ ಇದೇ ಆಗಿದ್ರೆ, ಕದ್ದಿದ್ದು ಅಂತ ಹಿಡೀಬಹುದಲ್ಲ?"

ತಂಗಿ ತಲೆಯಾಡಿಸಿದಳು. "ಆಗಲ್ಲ. ಸರಿಯಾಗಿ ಮಾಡಿದ್ರೆ ಯಾರು ಮಾಡಿದ್ರೂ ಇದೇ ಬರುತ್ತೆ. ದೋಣಿ ಇದ್ದ ಕಡೆ ಆನೆ ಬರೀಬಹುದು, ಒಳಗಿನ ಅಸ್ಥಿಪಂಜರ ಒಂದೇ. ಕಟ್ಟು ಕೆಡದ ಹಾಗೆ ಚಿತ್ರಗಳ ಜಾಗ ಬದಲಿಸೋಕೇ ಐದು ಸಾವಿರಕ್ಕೂ ಮೀರಿ ದಾರಿ ಇವೆ. ಅದನ್ನ ಸಮಮಿತಿ ಗುಂಪು ಅಂತೀವಿ. ಒಂದೇ ಥರ ಇದೆ ಅಂದ ಮಾತ್ರಕ್ಕೆ ಕಳ್ಳತನ ಆಗಲ್ಲ."

ಕೊಕ್ಕೆ ಎದ್ದಳು. "ಸರಿ. ಕೀಲಿ ಅಣ್ಣಂದು, ಜಗಳ ಅಣ್ಣಂದು. ಅವನನ್ನ ಠಾಣೆಗೆ ಕರ್ಕೊಂಡು ಹೋಗ್ತೀನಿ."

"ಬೇಡ!" ತಂಗಿ ಅಡ್ಡ ಬಂದಳು. "ನಾನು ಮುಚ್ಚಿಟ್ಟಿದ್ದು ಅವನನ್ನಲ್ಲ. ನನ್ನ ತಪ್ಪನ್ನ."

ಎಲ್ಲವನ್ನೂ ಹೇಳಿದಳು. ಸಂಜೆ ಜೋಡಿ ಹಚ್ಚಿ ನೋಡುವಾಗ ಸಿಕ್ಕಿಬಿದ್ದ ತಪ್ಪು. ಒಂದು ಕಾರ್ಡಿಗೆ ಬರಬೇಕಾದ ದೀಪ ಇನ್ನೊಂದಕ್ಕೆ, ಅಲ್ಲಿಯ ಏಣಿ ಇಲ್ಲಿಗೆ. ಬೆಳಿಗ್ಗೆ ಯಾರಿಗೂ ತಿಳಿಯದ ಹಾಗೆ ತಿದ್ದಿದರಾಯಿತು ಎಂದುಕೊಂಡಿದ್ದಳು. ಅಣ್ಣನ ಅಚ್ಚಿನ ತಪ್ಪುಗಳನ್ನು ಜೀವನವಿಡೀ ಆಡಿಕೊಂಡು ನಕ್ಕವಳು. ತನ್ನ ತಪ್ಪನ್ನು ಅವನೆದುರು ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ.

ಕೊಕ್ಕೆ ಮೆಲ್ಲಗೆ ಮತ್ತೆ ಕೂತಳು. "ಇದನ್ನ ನಾಳೆ ಎಲ್ಲರೆದುರು ಹೇಳ್ತೀರಾ?"

ತಂಗಿ ಕಣ್ಣೊರೆಸಿಕೊಂಡಳು. "ಹೇಳ್ತೀನಿ."

* * *

ಕಂಪನಿಯ ಯಜಮಾನಿಯ ಕೋಣೆ. ಉದ್ದನೆ ಮೇಜು, ಒಂದು ಬದಿಗೆ ಅಣ್ಣ-ತಂಗಿ, ಎದುರಿಗೆ ಭಾವ. ಭಾವ ತನ್ನ ಪೆಟ್ಟಿಗೆ ತೆರೆಯುವ ಮೊದಲೇ ಕೊಕ್ಕೆ ಅದರ ಮೇಲೆ ಕೈಯಿಟ್ಟಳು.

"ಒಂದು ನಿಮಿಷ." ಅವಳು ತಂಗಿಯ ಕಡೆ ತಿರುಗಿದಳು. "ಮೇಡಂ, ಈ ಕಾರ್ಡುಗಳನ್ನ ನೀವು ನೋಡಿದೀರಾ?"

"ಇಲ್ಲ," ಎಂದಳು ತಂಗಿ. "ಆದ್ರೆ ಇದರಲ್ಲಿ ಎರಡು ಕಾರ್ಡು ಕೆಟ್ಟಿರ್ತವೆ. ಕೆಲವು ಕಾರ್ಡಿನ ಜೊತೆ ಅವಕ್ಕೆ ಸಮಾನ ಚಿತ್ರವೇ ಇರಲ್ಲ, ಕೆಲವದರ ಜೊತೆ ಎರಡೆರಡು. ಅವೆರಡರ ನಡುವೆ ಒಂದೊಂದು ಚಿತ್ರ ಅದಲುಬದಲು ಮಾಡಿದ್ರೆ ಇಡೀ ಕಟ್ಟು ಸರಿಹೋಗುತ್ತೆ. ಆ ತಪ್ಪು ನನ್ನದು. ನಾನೇ ಮಾಡಿದ್ದು."

ಯಜಮಾನಿ ಕಾರ್ಡುಗಳನ್ನು ಹರಡಿ ಒಂದೊಂದೇ ಜೋಡಿ ಹಚ್ಚಿದಳು. ಕುದುರೆಯಿದ್ದ ಒಂದು ಕಾರ್ಡಿನ ಹತ್ತಿರ ಬೆರಳು ನಿಂತಿತು. ಆಮೆಯಿದ್ದ ಇನ್ನೊಂದರ ಹತ್ತಿರ ಮತ್ತೆ ನಿಂತಿತು. ತಂಗಿ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಾಗಲಿಲ್ಲ.

"ಸಾಧ್ಯಾನೇ ಇಲ್ಲ!" ಭಾವ ಕುರ್ಚಿಯಿಂದ ಜಿಗಿದ. "ಅವಳು ಲೆಕ್ಕದಲ್ಲಿ ಯಾವತ್ತೂ ತಪ್ಪಿದವಳೇ ಅಲ್ಲ!"

ಎಲ್ಲರ ಕಣ್ಣೂ ಅವನ ಕಡೆ ತಿರುಗಿದವು.

"ಅವಳಾ?" ಕೊಕ್ಕೆ ನಕ್ಕಳು. "ಈ ಆಟ ನಿಮ್ಮದಲ್ವಾ ಸ್ವಾಮಿ?"

ಭಾವ ಬಾಗಿಲ ಕಡೆ ಸರಿದ, ಅಲ್ಲಿ ಇಬ್ಬರು ಪೇದೆಗಳು ನಿಂತಿದ್ದರು.

"ಆ ಕಪಾಟನ್ನ ಇವರಿಗೆ ಮಾರಿದ್ದು ನೀವೇ ಅಂತ ನಿಮ್ಮ ಹೆಂಡತಿ ಹೇಳಿದ್ರು," ಎಂದಳು ಕೊಕ್ಕೆ. "ಜೋಡಿ ಕೀಲಿಯಲ್ಲಿ ಒಂದನ್ನ ಅಂಗಡಿಯಲ್ಲೇ ಉಳಿಸ್ಕೊಂಡ್ರಿ. ದೋಣಿಗೆ ಆನೆ, ದೀಪಕ್ಕೆ ಕುದುರೆ, ಏಣಿಗೆ ಆಮೆ, ಹೀಗೆ ಕಣ್ಣು ಮುಚ್ಚಿ ಬರಕೊಂಡು ಹೋದ್ರಿ. ಒಂದು ಸಲಾನೂ ಜೋಡಿ ಹಚ್ಚಿ ನೋಡ್ಲಿಲ್ಲ. ಅವರ ಮೇಲೆ ಅಷ್ಟು ನಂಬಿಕೆ! ಸರಿ ಅನ್ನೋದು ಯಾರು ಮಾಡಿದ್ರೂ ಒಂದೇ, ಅದರಿಂದ ನಿಮ್ಮನ್ನ ಹಿಡಿಯೋಕಾಗ್ತಿರಲಿಲ್ಲ. ತಪ್ಪು ಮಾತ್ರ ಅವರ ಸ್ವಂತದ್ದು. ಅದನ್ನೂ ಕದ್ದಿರಿ ನೋಡಿ."

ಪೇದೆಗಳು ಭಾವನನ್ನು ಕರೆದೊಯ್ದರು. ತಂಗಿ ಅಣ್ಣನ ಮುಂದೆ ತಲೆ ತಗ್ಗಿಸಿ ನಿಂತಳು.

"ನಿನ್ನೆ ಕೇಳಿದ ತಕ್ಷಣ ಬಾಯಿಬಿಟ್ಟಿದ್ರೆ ನಿನ್ನ ಮೇಲೆ ಅನುಮಾನ ಬಂದು ಈ ಅವಮಾನ ಆಗ್ತಿರಲಿಲ್ಲ ಅಣ್ಣ. ನೀನು ನಗ್ತೀಯ ಅಂತ ಸುಮ್ನಿದ್ದೆ."

ಅಣ್ಣ ನಗಲಿಲ್ಲ. ಕುದುರೆ ಮತ್ತು ಆಮೆಯ ಕಾರ್ಡುಗಳನ್ನು ಎತ್ತಿ ಅವಳ ಕೈಗಿಟ್ಟ.

"ಬಾ, ಇಬ್ರೂ ಕೂತು ತಿದ್ದೋಣ," ಎಂದ.