ಪರದೆಯ ಅಂಚಿನಲ್ಲಿ ನಿಂತವನು

ಬಾಗಿಲು ತೆರೆದ ವಾನ್‌ಜುನ್ ಕಲ್ಲಾಗಿ ನಿಂತುಬಿಟ್ಟಳು.

ಬೋಷುನ್! ಯಾರ ಮುಖವನ್ನು ಈ ಜನ್ಮದಲ್ಲಿ ನೋಡಬಾರದು ಎಂದು ಒಂದು ವರ್ಷದಿಂದ ಹಟ ಹಿಡಿದಿದ್ದಳೋ ಅವನೇ, ಹೆಗಲಿಗೆ ಸಾಮಾನಿನ ಚೀಲ ಹಾಕಿಕೊಂಡು ಎದುರಿಗೆ ನಿಂತಿದ್ದ.

"ಅಮಾ ಫೋನ್ ಮಾಡಿದ್ರು... ಟಿವಿಯಲ್ಲಿ ಏನೂ ಬರ್ತಿಲ್ಲವಂತೆ."

"ಇಡೀ ಕೀಲುಂಗ್ ಊರಲ್ಲಿ ಬೇರೆ ರಿಪೇರಿಯವರು ಸಿಗಲಿಲ್ವಾ?"

ಈ ಮಾತು ಅವನಿಗೋ, ಒಳಗೆ ಕೂತಿದ್ದ ಅಜ್ಜಿಗೋ, ಅವಳಿಗೇ ಗೊತ್ತಿರಲಿಲ್ಲ. ಓಣಿಯವರೆಲ್ಲ ಅಮಾ ಎಂದು ಕರೆಯುವ ಆ ಅಜ್ಜಿಗೆ ಎಂಬತ್ತಮೂರು ವರ್ಷ. ಹಟದಲ್ಲಿ ಮೊಮ್ಮಗಳಿಗಿಂತ ಒಂದು ಕೈ ಮೇಲು.

"ನಾನೇ ಕರೆಸಿದ್ದು," ಒಳಗಿಂದ ದನಿ ಬಂತು. "ನೀನು ಒಳಗೆ ಬಾರೋ. ಅವಳ ಬಾಯಿಗೆ ಹೆದರಬೇಡ."

ಅಪ್ಪ ತೀರಿಕೊಂಡು ಅಂದಿಗೆ ಸರಿಯಾಗಿ ಒಂದು ವರ್ಷ. ಬೆಳಿಗ್ಗೆಯೇ ಅಪ್ಪನ ಪಟದ ಮುಂದೆ ಬೇಯಿಸಿದ ಕೋಳಿ, ಅವರಿಗಿಷ್ಟವಾದ ಕೆಸುವಿನ ಗೆಡ್ಡೆಯ ಕಡುಬು ಇಟ್ಟು ಊದುಬತ್ತಿ ಹಚ್ಚಿದ್ದರು. ವರ್ಷವಿಡೀ ಕೂದಲಿಗೆ ಸಿಕ್ಕಿಸಿಕೊಂಡಿದ್ದ ಸೂತಕದ ಬಿಳಿ ನೂಲನ್ನು ವಾನ್‌ಜುನ್ ತೆಗೆದಿದ್ದಳು. ಸೂತಕ ಕಳೆಯಿತು ಎಂದರು ನೆಂಟರು. ಎದೆಯ ಭಾರ ಮಾತ್ರ ಎಳ್ಳಷ್ಟೂ ಇಳಿದಿರಲಿಲ್ಲ.

ಅಮಾಳ ಸಂಕಟ ಇನ್ನೊಂದು ಬಗೆಯದು. ಹೆತ್ತ ಮಗ ತನಗಿಂತ ಮುಂಚೆ ಹೋದರೆ ತಾಯಿ ಅವನನ್ನು ಕಳಿಸಿಕೊಡುವಂತಿಲ್ಲ. ಅದು ಅಲ್ಲಿಯ ಕಟ್ಟಳೆ. ಮಗನನ್ನು ಕಳಿಸಿಕೊಟ್ಟ ದಿನ ಆಕೆಯನ್ನು ಕೋಣೆಯಲ್ಲಿ ಕೂರಿಸಿ ಕಿಟಕಿಗೆ ಪರದೆ ಎಳೆದಿದ್ದರು. ಮಗನ ಕೊನೆಯ ಪೂಜೆಯನ್ನು ಯಾರೋ ವಿಡಿಯೋ ಮಾಡಿಕೊಟ್ಟಿದ್ದರು. ವರ್ಷ ತುಂಬಲಿ, ಆಮೇಲೆ ನೋಡುತ್ತೇನೆ ಎಂದು ಆಕೆ ಕಾದಿದ್ದಳು. ಇವತ್ತು ನೋಡೋಣವೆಂದರೆ ಟಿವಿಯಲ್ಲಿ ಬರೀ ಕಪ್ಪು. ನಡುವೆ 'ಸಿಗ್ನಲ್ ಇಲ್ಲ' ಎಂಬ ಎರಡು ಪದ.

ವಿಡಿಯೋ ಇದ್ದದ್ದು ಅಪ್ಪನ ಹಳೆಯ ಲ್ಯಾಪ್‌ಟಾಪಿನಲ್ಲಿ. ಅದರ ಪರದೆ ಎಂದೋ ಸತ್ತಿತ್ತು. ಅಪ್ಪ ಅದನ್ನು ವೈರಿನಿಂದ ಟಿವಿಗೆ ಜೋಡಿಸಿಯೇ ಬಳಸುತ್ತಿದ್ದರು. ಕಳೆದ ವರ್ಷ ವಾನ್‌ಜುನ್ ಕೂಡ ಹಾಗೆಯೇ, ಒಬ್ಬಳೇ ಕೂತು ಒಮ್ಮೆ ಆ ವಿಡಿಯೋ ನೋಡಿದ್ದಳು. ಹುಡುಕಿದ್ದು ಒಂದೇ ಮುಖವನ್ನು. ಅದು ಎಲ್ಲಿಯೂ ಇರಲಿಲ್ಲ.

ಮೂರು ವರ್ಷ ಪ್ರೀತಿಸಿದವನು... ಅಪ್ಪನ ಕೊನೆಯ ಪೂಜೆಗೂ ಬರಲಿಲ್ಲ! ಆಗಲೇ ಅವನ ನಂಬರು ಬ್ಲಾಕ್ ಮಾಡಿದ್ದಳು. ಆಮೇಲೆ ಅವನು ಎರಡು ಸಲ ಮನೆಗೆ ಬಂದ. ಎರಡು ಸಲವೂ ಬಾಗಿಲು ತೆರೆಯಲಿಲ್ಲ.

ಬೋಷುನ್ ಟಿವಿಯ ಹಿಂದೆ ಮಂಡಿಯೂರಿದ. ಧೂಳು ಒರೆಸುವಾಗ ಯಾರೋ ವೈರ್ ಎಳೆದು ಅದರ ತುದಿ ಸೊಟ್ಟಗಾಗಿತ್ತು. ಚೀಲದಿಂದ ಹೊಸದನ್ನು ತೆಗೆದು ಸಿಕ್ಕಿಸಿದ. ಪರದೆಗೆ ಬೆಳಕು ಬಂತು, ಆದರೆ ಬರೀ ನೀಲಿ. ಒಂದು ಫೈಲೂ ಇಲ್ಲ.

"ಎಲ್ಲಾ ಅಳಿಸಿಹೋಯ್ತೇನೋ?" ಅಮಾ ಟಿವಿಯ ಕಡೆ ಬಗ್ಗಿದಳು.

"ಇಲ್ಲ ಅಮಾ, ಎಲ್ಲಾ ಇದೆ. ಇದು ತನ್ನ ಸತ್ತ ಪರದೆಯನ್ನೇ ನಂಬ್ಕೊಂಡು ಕೂತಿದೆ. ಎಲ್ಲಾನೂ ಅಲ್ಲೇ ತೋರಿಸಿ, ಟಿವಿಗೆ ಖಾಲಿ ಜಾಗ ಕಳಿಸ್ತಿದೆ."

ಲ್ಯಾಪ್‌ಟಾಪಿನ ಎರಡು ಗುಂಡಿ ಒಟ್ಟಿಗೆ ಒತ್ತಿದ. ಫೈಲುಗಳು ಬಂದವು. ಅಮಾಳ ಅವಸರಕ್ಕೆ ವಿಡಿಯೋ ಶುರುಮಾಡಲು ಹೋದವನು ಕೈ ತಡೆದು, ಪರದೆಯ ಕೆಳಮೂಲೆಯನ್ನೇ ನೋಡಿದ.

"ಇಲ್ಲೊಂದು ಗಡಿಯಾರ ಇರ್ಬೇಕಲ್ಲ?"

"ಯಾವತ್ತೂ ಇರಲಿಲ್ಲ," ವಾನ್‌ಜುನ್ ಗೋಡೆ ನೋಡುತ್ತಾ ಹೇಳಿದಳು.

ಹಾಗಾದರೆ ಟಿವಿ ಚಿತ್ರವನ್ನು ಹಿಗ್ಗಿಸಿ ನಾಲ್ಕೂ ಕಡೆ ಅಂಗೈ ಅಗಲ ನುಂಗುತ್ತಿದೆ, ನೋಡುವವರಿಗೆ ಅದು ಗೊತ್ತೇ ಆಗುವುದಿಲ್ಲ ಎಂದ ಅವನು. ಅಮಾಗೆ ಅದೆಲ್ಲ ಬೇಕಿರಲಿಲ್ಲ. ಮೊದಲು ಮಗನನ್ನು ತೋರಿಸು ಎಂದಳು.

ವಿಡಿಯೋ ಓಡತೊಡಗಿತು. ಅಪ್ಪನ ದೊಡ್ಡ ಪಟ, ಅದರ ನೆತ್ತಿ ಕತ್ತರಿಸಿಹೋಗಿತ್ತು. ಸೂತಕದ ನಾರಿನ ಮುಸುಕು ಹೊದ್ದು ತಲೆ ಬಗ್ಗಿಸಿದ ಮನೆಯವರು. ಆ ಮುಸುಕಿನೊಳಗಿಂದ ವಾನ್‌ಜುನ್‌ಗೆ ಅವತ್ತು ನೆಲ ಬಿಟ್ಟು ಬೇರೇನೂ ಕಂಡಿರಲಿಲ್ಲ. ಶವಪೆಟ್ಟಿಗೆ ಮುಚ್ಚುವ ಹೊತ್ತು. ಬೋಷುನ್ ರಿಮೋಟಿನಲ್ಲಿ ಚಿತ್ರದ ಅಳತೆ ಹುಡುಕುತ್ತಿದ್ದ. ಕೊನೆಗೊಂದು ಗುಂಡಿ ಒತ್ತಿದ.

ಚಿತ್ರ ತುಸು ಕುಗ್ಗಿತು. ಪಟದ ಮೇಲಿನ ಬಿಳಿ ಹೂಗಳು ಕಂಡವು. ಎಡಗಡೆ ಒಂದು ಕಂಬ ಕಂಡಿತು.

ಕಂಬದ ಪಕ್ಕ ಕಪ್ಪು ಅಂಗಿಯ ಒಬ್ಬ ಗಂಡಸು, ಬೆನ್ನು ತಿರುಗಿಸಿ ನಿಂತಿದ್ದ. ಚೀಲ ಹೊತ್ತು ಹೊತ್ತು ಒಂದು ಕಡೆ ಇಳಿದ ಹೆಗಲು. ಆ ಹೆಗಲಿಗೆ ತಲೆಯಿಟ್ಟು ಎಷ್ಟು ಸಂಜೆ ಕಳೆದಿರಲಿಲ್ಲ ಅವಳು! ಆ ಹೆಗಲು ಈಗ ಬಿಕ್ಕುತ್ತಿತ್ತು.

"ಅದು... ನೀನು," ಎಂದಳು.

"ನಿನಗೆ ಗೊತ್ತಿತ್ತಲ್ಲ? ಅದಕ್ಕೇ ಅಲ್ವಾ ನನ್ನ ಮೇಲೆ ಕೋಪ?" ಅವನಿಗೆ ಅರ್ಥವಾಗಲಿಲ್ಲ. "ಪೆಟ್ಟಿಗೆಗೆ ಮೊಳೆ ಹೊಡೆಯೋವಾಗ ಬೆನ್ನು ತಿರುಗಿಸಿದೆ ಅಂತ. ಕುದುರೆ ವರ್ಷದಲ್ಲಿ ಹುಟ್ಟಿದವರು ನೋಡಬಾರದು ಅಂತ ಪುರೋಹಿತರು ಕೂಗಿದ್ರು. ನಾನು ಹುಟ್ಟಿದ್ದೂ ಕುದುರೆ ವರ್ಷವೇ. ಆದ್ರೂ ತಿರುಗಬಾರದಿತ್ತು ಅಂತ ವರ್ಷವೆಲ್ಲ ಅನ್ನಿಸ್ತಿತ್ತು ನನಗೆ."

"ನೀನು ಬಂದೇ ಇಲ್ಲ ಅಂದ್ಕೊಂಡಿದ್ದೆ ನಾನು."

ಒಂದು ವರ್ಷ... ಇವಳು ಇಲ್ಲದ ತಪ್ಪಿಗೆ ಶಿಕ್ಷೆ ಕೊಟ್ಟಳು. ಅವನು ಇನ್ಯಾವುದೋ ತಪ್ಪಿಗೆಂದು ಅದನ್ನು ಅನುಭವಿಸಿದ.

ಕೊನೆಯವರೆಗೂ ಅಲ್ಲೇ ಇದ್ದೆ ಎಂದ ಬೋಷುನ್ ಮೆಲ್ಲಗೆ. ಸಾವಿನ ಮನೆಯಿಂದ ಹೊರಡುವವರು ಬರುತ್ತೇನೆ ಎನ್ನಬಾರದಲ್ಲ, ಹಾಗಾಗಿ ಮಾತಾಡದೆ ಹೋಗಿದ್ದ.

ಅಮಾ ಎದ್ದುಹೋಗಿ ಪರದೆಗೆ ಕೈಯಿಟ್ಟಳು. ಮಗನ ನೆತ್ತಿಯನ್ನು, ಈಗಷ್ಟೇ ಕಂಡ ಆ ನೆತ್ತಿಯನ್ನು ಸವರಿದಳು. ಆ ದಿನದ ಮೇಲೆ ಒಮ್ಮೆಯೂ ಅಳದಿದ್ದವಳು ಮಗುವಿನಂತೆ ಅತ್ತಳು.

"ನಾನು ಕೋಣೆಯಲ್ಲಿ, ಇವನು ಕಂಬದ ಹತ್ರ," ಎಂದಳು ಕೊನೆಗೆ, ಮೊಮ್ಮಗಳ ಕಡೆ ತಿರುಗದೆ. "ಅವತ್ತು ನೋಡದೆ ಅತ್ತವರು ನಾವಿಬ್ರೇ ಕಣೇ."

ವಿಡಿಯೋ ಮುಗಿಯಿತು. ಅಮಾ ಮತ್ತೆ ಮೊದಲಿಂದ ಹಾಕಿಸಿಕೊಂಡಳು. ಬೋಷುನ್ ಹಳೆಯ ವೈರ್ ಸುತ್ತಿ ಚೀಲಕ್ಕೆ ಹಾಕಿದ, ಬಾಗಿಲಲ್ಲಿ ಬಗ್ಗಿ ಬೂಟು ಕಟ್ಟಿಕೊಂಡ. ಒಂದು ಮಾತೂ ಆಡದೆ ಮೆಟ್ಟಿಲ ಕಡೆ ತಿರುಗಿದ.

"ಹಾಗೇ ಹೋಗ್ತೀಯಾ?"

"ಸಾವಾದ ಮನೆ... ಹೇಳಿ ಹೋಗಬಾರದು."

"ಇವತ್ತಿಗೆ ವರ್ಷ ತುಂಬಿತು." ಅವಳ ಕೈ ತಾನಾಗಿ ಕೂದಲಿಗೆ ಹೋಯಿತು. ಅಲ್ಲಿ ನೂಲು ಇರಲಿಲ್ಲ. "ಇನ್ಮೇಲೆ ಹೇಳಬಹುದು."

ಅವನು ಮೆಟ್ಟಿಲ ಬಳಿಯಿಂದ ಹಿಂದಿರುಗಿ ನೋಡಿದ.

"ಬರ್ತೀನಿ, ವಾನ್‌ಜುನ್."

"ಯಾವಾಗ?"

"ನೀನು ಬಾಗಿಲು ತೆಗೆಯೋದಾದ್ರೆ... ನಾಳೆನೇ."

"ತೆಗೀತೀನಿ," ಎಂದಳು ಅವಳು.