ಕೆಂಚಿಯ ಕೊರಳಪಟ್ಟಿ

ಕೆಂಚಿ ನಿನ್ನೆ ಮಧ್ಯಾಹ್ನದಿಂದ ಅಲುಗಾಡಿರಲಿಲ್ಲ.

ಪಂಚಶೀಲಾ ಮೊಬೈಲನ್ನು ಒಮ್ಮೆ ಆರಿಸಿ, ಮತ್ತೆ ಹಚ್ಚಿ ನೋಡಿದಳು. ನಕ್ಷೆಯ ಮೇಲಿನ ಚುಕ್ಕೆ ಅಲ್ಲೇ ಇತ್ತು, ಜೇವರ್ಗಿ ಕಡೆಯ ಯಾವುದೋ ಹೊಲದಂಚಿನಲ್ಲಿ, ಹಸಿರು ಬಣ್ಣ ಹೋಗಿ ಕೆಂಪಾಗಿ. ಕೆಂಪು ಅಂದರೆ ಪ್ರಾಣಿ ಸತ್ತಿರಬಹುದು. ಹಾಗೆಂದು ಆ ಯಂತ್ರಕ್ಕೆ ಕಲಿಸಿದವನೇ ದೌಲತರಾಯ. ಬೆಳಗಿನ ಚಳಿಯಲ್ಲಿ, ಮುಖವನ್ನೂ ತೊಳೆಯದೆ, ಅವನಿಗೇ ಫೋನ್ ಹಚ್ಚಿದಳು.

"ನಿಮ್ಮ ಪಟ್ಟಿ ಅದರ ಕುತ್ತಗಿ ಹಿಸುಕ್ಯಾದ. ಜೀಪ್ ತಗೊಂಡು ಲಗೂ ಬರ್ರಿ."

ಆ ಕಡೆಯಿಂದ ದೌಲತರಾಯ "ಬಂದೆ," ಎಂದ.

ಕೆಂಚಿ ಒಂದು ಹೆಣ್ಣು ತೋಳ. ಇನ್ನೂ ಪೂರ್ತಿ ಬೆಳೆಯದ, ಕೆಂಪು ಮಣ್ಣಿನ ಬಣ್ಣದ, ಭಾರಿ ತುಂಟಿ. ತೋಳಗಳು ಎಲ್ಲೆಲ್ಲಿ ತಿರುಗುತ್ತವೆ ಎಂಬುದು ಮಾದನಹಿಪ್ಪರಗಾದ ಪಂಚಶೀಲಾಳ ಪಿಎಚ್‌ಡಿ. ತಿರುಗಿದ ಜಾಗವನ್ನು ಮೊಬೈಲಿಗೆ ತಿಳಿಸುವ, ಕಡಿಮೆ ಖರ್ಚಿನ ಕೊರಳಪಟ್ಟಿ ಮಾಡುವುದು ಇಂಜಿನಿಯರಿಂಗ್‌ನ ದೌಲತರಾಯನ ಕೆಲಸ, ಅವನು ಗೊಬ್ಬೂರಿನವನು. ತೋಳ ಕುರಿ ಹಿಡಿದರೆ ಕುರಿಗಾರರಿಗೆ ಏನನ್ನಿಸುತ್ತದೆ ಎಂದು ಊರೂರು ಕೇಳುತ್ತ ಹೋಗುವವಳು ಸಮಾಜಶಾಸ್ತ್ರದ ಮಹೆಕ. ವಿಶ್ವವಿದ್ಯಾಲಯದ ದೊಡ್ಡವರು ಈ ಮೂರನ್ನೂ ಒಂದೇ ಯೋಜನೆಗೆ ಕಟ್ಟಿ, ಆಳಂದಕ್ಕೆ ಕಳಿಸಿ, ಮೂವರಿಗೂ ಸೇರಿ ಒಂದು ಜೀಪು ಕೊಟ್ಟಿದ್ದರು. ಅದೂ ತಳ್ಳಿದರೆ ಮಾತ್ರ ಹೊರಡುವ ಜೀಪು!

ಹಾಗೆ ತಳ್ಳುತ್ತ ತಳ್ಳುತ್ತಲೇ ಪಂಚಶೀಲಾಳಿಗೆ ಒಂದು ವಿಷಯ ತಿಳಿದುಹೋಗಿತ್ತು. ದೌಲತರಾಯ ಪಕ್ಕದಲ್ಲಿ ನಿಂತು ಭುಜ ಕೊಟ್ಟ ದಿನ ಜೀಪು ಹಗುರವಾಗುತ್ತಿತ್ತು. ಅವನು ರಜೆ ಹಾಕಿದ ದಿನ ಆಳಂದದ ಚಹಾ ಕೂಡ ಸಪ್ಪೆ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮಹೆಕಳಿಗಂತೂ ಹೇಳಬೇಕಾಗಿಯೇ ಇರಲಿಲ್ಲ.

ಆದರೆ ಈ ಬೆಳಿಗ್ಗೆ ಅದೆಲ್ಲ ಹಿಂದೆ ಸರಿದಿತ್ತು. ಕೆಂಚಿ ಸತ್ತಿದ್ದರೆ ಅವನ ಮುಖ ನೋಡುವುದು ಹೇಗೆ? ಅದಕ್ಕಿಂತ ಹೆಚ್ಚಾಗಿ, ತನ್ನ ಮುಖವನ್ನು ತಾನೇ ಕನ್ನಡಿಯಲ್ಲಿ ನೋಡಿಕೊಳ್ಳುವುದು ಹೇಗೆ? ಏಕೆಂದರೆ, ಬಾಯಿ ಏನೇ ಬೈಯಲಿ, ತಪ್ಪು ಯಾರದೆಂದು ಮನಸ್ಸಿಗೆ ಗೊತ್ತಿತ್ತು.

ಪಟ್ಟಿ ಕಟ್ಟಲೆಂದು ಪ್ರಾಣಿ ಡಾಕ್ಟರು ಕೆಂಚಿಗೆ ಮತ್ತಿನ ಔಷಧ ಕೊಟ್ಟು ಮಲಗಿಸುವ ಹಿಂದಿನ ದಿನ ದೌಲತರಾಯ ಹೇಳಿದ್ದ, "ಇದಿನ್ನೂ ಬೆಳಿಯೋ ಪ್ರಾಣಿ ಅದರಿ. ಪಟ್ಟಿ ನಡುವ ಒಂದು ತುಂಡು ಹತ್ತಿ ಬಟ್ಟಿ ಹೊಲಿಯೋಣು. ಕೊರಳು ಬಿಗಿಯಾತು ಅಂದ್ರ ತಾನಾಗೇ ಹರದು ಬೀಳ್ತದ."

"ಹರದು ಬಿದ್ರ ನನ್ನ ಡೇಟಾ ಯಾರು ಕೊಡ್ತಾರ, ನೀವು ಕೊಡ್ತೀರೇನು?" ಎಂದು ಪಂಚಶೀಲಾ ರೇಗಿದ್ದಳು. "ಪೂರ್ತಿ ತೊಗಲಿಂದೇ ಇರಲಿ."

"ಆಯ್ತ್ರಿ ಮೇಡಂ," ಎಂದಿದ್ದ ಅವನು, ಅಗದಿ ಸಾಧು ಹುಡುಗನ ಹಾಗೆ.

ಜೀಪು ಬಂತು. ಹಿಂದಿನ ಸೀಟಿನಲ್ಲಿ ಮಹೆಕ ಶಾಲು ಹೊದ್ದು ಕೂತಿದ್ದಳು. ದೌಲತರಾಯ ಅವಸರದಲ್ಲಿ ಸ್ವೆಟರನ್ನು ಒಳಹೊರಗು ಮಾಡಿ ಹಾಕಿಕೊಂಡಿದ್ದ; ಕತ್ತಿನ ಹತ್ತಿರ ಕಂಪನಿಯ ಚೀಟಿ ಎದ್ದು ನಿಂತಿತ್ತು. ಅದನ್ನು ಒಳಗೆ ತಳ್ಳಬೇಕೆಂದು ಪಂಚಶೀಲಾಳ ಬೆರಳು ತುಡಿದವು. ಇಂಥ ಹೊತ್ತಿನಲ್ಲೂ ಹೀಗೆ ತುಡಿಯುತ್ತವಲ್ಲ ಎಂದು ಅವಕ್ಕೂ ಬೈದುಕೊಂಡು, ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಮಹೆಕಳ ಪಕ್ಕ ಕೂತಳು.

ಅಫಜಲಪುರದ ರಸ್ತೆ. ಎರಡೂ ಕಡೆ ಬಿಳಿಜೋಳ ತೆನೆ ಹಿಡಿದು ನಿಂತಿತ್ತು. ದೌಲತರಾಯ ಗಂಟಲು ಸರಿಮಾಡಿಕೊಂಡ.

"ಪಂಚಶೀಲಾ ಅವ್ರ, ನಿಮಗ ಒಂದು ಮಾತು..."

"ಏನೂ ಹೇಳಬ್ಯಾಡ್ರಿ. ಗಾಡಿ ಹೊಡೀರಿ."

ಅವನು ಗಾಡಿ ಹೊಡೆದ. ಆದರೆ ಕಣ್ಣು ರಸ್ತೆಗಿಂತ ಹೆಚ್ಚು ಕನ್ನಡಿಯ ಮೇಲಿತ್ತು, ಕನ್ನಡಿಯೊಳಗೆ ಅವಳಿದ್ದಳು. ನೋಡುವುದು, ಅವಳು ನೋಡಿದೊಡನೆ ತೆಗೆಯುವುದು, ಮತ್ತೆ ಕಳ್ಳನ ಹಾಗೆ ಬರುವುದು. ತಪ್ಪು ಮಾಡಿದವನ ನೋಟವೇ ಅದು. ಪಂಚಶೀಲಾ ಮುಂದೆ ಬಗ್ಗಿ, ಕೈ ಚಾಚಿ ಕನ್ನಡಿಯನ್ನು ಆಚೆ ತಿರುಗಿಸಿದಳು.

"ಅರೇ, ಹಿಂದ ಲಾರಿ ಬಂದ್ರ ಕಾಣಬ್ಯಾಡೇನು?" ಎಂದಳು ಮಹೆಕ.

"ನೀ ನೋಡಿ ಹೇಳು."

"ನಾ ಏನೇನು ನೋಡಬೇಕ ಬೇ? ಲಾರೀನೂ ನೋಡ್ಲಿ, ನಿಮ್ಮಿಬ್ಬರನ್ನೂ ನೋಡ್ಲಿ!"

ಬೇರೆ ದಿನವಾಗಿದ್ದರೆ ಪಂಚಶೀಲಾ ನಾಚಿ ನೀರಾಗುತ್ತಿದ್ದಳು. ಇವತ್ತು ಕಿಟಕಿಯಾಚೆ ನೋಡುತ್ತ ಕೂತಳು. ಭೀಮಾ ಸೇತುವೆ ಬಂತು. ಕೆಳಗೆ ನೀರು ತೆಳ್ಳಗೆ ಹರಿಯುತ್ತಿತ್ತು, ನಡುನಡುವೆ ಮರಳು ಕಾಣುತ್ತಿತ್ತು. ಇಲ್ಲೇ ಎಲ್ಲೋ ಕೆಂಚಿ ಹೊಳೆ ದಾಟಿದ್ದಾಳೆ. ಕಳೆದ ವಾರ ಆ ಚುಕ್ಕೆ ನೀರು ದಾಟಿದ ದಿನ ಮೂವರೂ ಖುಷಿಗೆ ಜಿಲೇಬಿ ತರಿಸಿ ತಿಂದಿದ್ದರು. ನೆನಪಾದೊಡನೆ ಪಂಚಶೀಲಾಳ ಕಣ್ಣು ತುಂಬಿತು.

"ಅಳಬ್ಯಾಡ್ರಿ," ಎಂದ ದೌಲತರಾಯ ಮೆಲ್ಲಗೆ. "ಜರಾ ನನ್ನ ಮಾತು ಕೇಳ್ರಿ, ಆ ಪಟ್ಟಿ ಏನದಲ್ಲ..."

"ಪಟ್ಟಿ ಸುದ್ದಿ ತೆಗದ್ರ ನಾ ಇಲ್ಲೇ ಇಳಿದು ನಡಕೋತ ಹೋಗ್ತೇನಿ, ನೋಡ್ರಿ ಮತ್ತ!"

ಅವನು ಗಾಡಿಯ ವೇಗ ಹೆಚ್ಚಿಸಿದ.

ಚುಕ್ಕೆ ತೋರಿಸಿದ ಜಾಗ ತೊಗರಿ ಕೊಯ್ದ ಹೊಲ. ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಬದುವಿನ ತುದಿಯಲ್ಲಿ ಜಾಲಿಯ ದೊಡ್ಡ ಪೊದೆ. ದೌಲತರಾಯನ ಕೈಯಲ್ಲಿದ್ದ, ಪಟ್ಟಿಯ ಸಿಗ್ನಲ್ ಹಿಡಿಯುವ ಯಂತ್ರ ಅದರ ಕಡೆ ತಿರುಗಿಸಿದಾಗಲೆಲ್ಲ ಜೋರಾಗಿ ಕೂಗುತ್ತಿತ್ತು.

"ನೀವು ಇಲ್ಲೇ ನಿಂದರ್ರಿ," ಎಂದ. "ಮೊದಲ ನಾ ನೋಡ್ತೇನಿ."

"ನನ್ನ ತೋಳ ಅದು," ಎಂದು ಪಂಚಶೀಲಾ ಮುಂದೆ ನಡೆದಳು. ನಡೆದವಳು ಪೊದೆಯ ಹತ್ತಿರ ಬಂದು ನಿಂತುಬಿಟ್ಟಳು. ಕಣ್ಣು ಮುಚ್ಚಿಕೊಂಡು, ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡಳು. ಸಿಕ್ಕಿದ್ದು ದೌಲತರಾಯನ ಸ್ವೆಟರಿನ ತೋಳು.

"ನೋಡ್ರಿ ನೀವೇ," ಎಂದಳು. "ಏನದ ಹೇಳ್ರಿ."

ಅವನು ಬಗ್ಗಿದ. ಅವಳು ತೋಳು ಬಿಡಲಿಲ್ಲವಾದ್ದರಿಂದ ಅವಳೂ ಬಗ್ಗಬೇಕಾಯಿತು. ಮುಳ್ಳು ಸರಿಸಿದ ಸದ್ದು. ಆಮೇಲೆ ಅವನ ಉಸಿರು, ಹೊತ್ತ ಮೂಟೆ ಇಳಿಸಿದವನದು.

"ಪಟ್ಟಿ ಅಷ್ಟೇ ಅದ. ಕಣ್ಣ ತೆರೀರಿ. ಬರೇ ಪಟ್ಟಿ!"

ಕಣ್ಣು ತೆರೆದಳು. ಹೆಣವಿಲ್ಲ. ಮೂಳೆಯಿಲ್ಲ. ನೆಲದ ಮೇಲೆ ಒಂದು ಹನಿ ರಕ್ತವಿಲ್ಲ. ಕೆಂಪು ಕೂದಲು ನಾಲ್ಕಾರು ಎಳೆ ಮುಳ್ಳಿಗೆ ಸಿಕ್ಕಿತ್ತು, ಪಟ್ಟಿ ಒಂದು ಕಡೆ ಹರಿದು ಬಾಯಿ ಬಿಟ್ಟು ಬಿದ್ದಿತ್ತು. ಹರಿದ ಜಾಗದಲ್ಲಿ ತೊಗಲು ಇರಲಿಲ್ಲ. ಬಿಳಿ ನೂಲು ಜೋಲುತ್ತಿತ್ತು.

ಪಂಚಶೀಲಾ ಅದನ್ನು ಕೈಗೆ ತೆಗೆದುಕೊಂಡು, ತಿರುವಿ ನೋಡಿ, ಅವನನ್ನು ನೋಡಿದಳು.

"ನಮ್ಮಪ್ಪನ ಹಳೇ ಧೋತರದ ತುಂಡು," ಎಂದ ದೌಲತರಾಯ ನೆಲ ನೋಡುತ್ತ. "ನಾಕು ಮಡಿಕಿ ಮಾಡಿ ಹೊಲದಿದ್ದೆ. ಮ್ಯಾಲ ಕರೀ ಬೂಟ್ ಪಾಲಿಶ್ ಹಚ್ಚಿದ್ದೆ, ನಿಮ್ಮ ಕಣ್ಣಿಗಿ ಬೀಳಬಾರದಂತ. ದಾರಿಯಾಗ ಇದನ್ನೇ ಹೇಳಾಕತ್ತಿದ್ದೆ, ನೀವು ಬಾಯೇ ಬಿಚ್ಚಗೊಡಲಿಲ್ಲ. ಅದೂ ಖರೇ ಹರದು ಬಿದ್ದದೋ, ಇಲ್ಲಾ ಪ್ರಾಣೀನೇ ಹೋಗ್ಯಾದೋ ನನಗೂ ಗೊತ್ತಿರಲಿಲ್ಲ. ನಾನೂ ಜೀವ ಕೈಯಾಗ ಹಿಡಕೊಂಡೇ ಬಂದೇನಿ."

"ನನಗ ಸುಳ್ಳು ಹೇಳಿದಿ!"

ಅವನ ತೋಳಿಗೆ ಒಂದು ಕೊಟ್ಟಳು. ಇನ್ನೊಂದು ಕೊಟ್ಟಳು. ಮೂರನೆಯದಕ್ಕೆ ಕೈ ಎತ್ತಿದವಳು ಅದೇ ತೋಳಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು. ಎದೆಯ ಮೇಲೆ ಕೂತಿದ್ದ ಬಂಡೆ ಇಳಿದು ಹೋಗಿ, ಉಸಿರು ಎಷ್ಟು ಬೇಕೋ ಅಷ್ಟು ಒಳಗೆ ಬಂತು. ಅವಳು ತನ್ನನ್ನು ಮೊದಲ ಸಲ ಏಕವಚನದಲ್ಲಿ ಬೈದದ್ದು ದೌಲತರಾಯನಿಗೆ ಎಲ್ಲಿಲ್ಲದ ಸುಖ ಕೊಟ್ಟಿತು. ಆದರೆ ಈಗ ನಕ್ಕರೆ ನಾಲ್ಕನೆಯದು ಬೀಳುತ್ತದೆಂದು ತುಟಿ ಬಿಗಿಹಿಡಿದು ನಿಂತ.

"ನಿಮ್ಮ ಡೇಟಾ ಅರ್ಧಕ್ಕೇ ನಿಂತುಹೋತಲ್ರಿ," ಎಂದ.

"ಡೇಟಾಕ್ಕ ಬೆಂಕಿ ಹಚ್ಚು. ಕೆಂಚಿ ಎಲ್ಲದ?"

ಆ ಪ್ರಶ್ನೆಗೆ ಉತ್ತರ ಬದುವಿನ ಆಚೆಯಿಂದ, ಬೈಯುತ್ತಲೇ ಬಂತು. ನಿಂಬೆವ್ವ ಎಂಬ ಕುರಿಗಾರ ಮುದುಕಿ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಹಿಂದೆ ದೂರದಲ್ಲಿ ಅವಳ ಹಿಂಡು.

"ಜೀಪಿನ್ಯಾಗ ಬಂದವ್ರು ಫಾರೆಸ್ಟ್‌ನವ್ರೇನು? ಹಾಂ? ನಿಮ್ಮ ತೋಳಕ್ಕ ಯಾರೂ ಹೇಳಾವ್ರು ಕೇಳಾವ್ರು ಇಲ್ಲೇನು? ಇಂದ ಮುಂಜಾನಿ ನನ್ನ ಕಣ್ಣೆದುರಿಗೇ ಮರಿ ಎತಗೊಂಡು ಓಡ್ಯಾದ!"

ಪಂಚಶೀಲಾ ಕಣ್ಣೊರೆಸಿಕೊಳ್ಳದೆ ಅವಳ ಕಡೆ ಓಡಿದಳು.

"ಆಯಿ, ಹೆಂಥಾದಿತ್ತು ತೋಳ? ಕೊರಳಾಗ ಏನರೆ ಗುರ್ತಿತ್ತೇನು?"

"ಕೆಂಪಂದು. ಕೊರಳ ಸುತ್ತ ಕೂದಲ ಸವದಿತ್ತು, ಹಗ್ಗ ಬಿಚ್ಚಿದ ಎತ್ತಿನಂಗ. ಏನ್ ಓಟ ಅದರದು, ಬಾಯಾಗ ಮರಿ ಇದ್ರೂ ಹಾರಕೋತ ಹೋತು!"

"ಛಲೋ ಆತು ಆಯಿ! ಭಾಳ ಛಲೋ ಆತು!" ಎಂದು ಪಂಚಶೀಲಾ ಮುದುಕಿಯನ್ನು ಕಂಬಳಿಯ ಸಮೇತ ತಬ್ಬಿಕೊಂಡಳು.

"ಮರಿ ಹೋತು ಅಂದ್ರ ಛಲೋ ಆತು ಅಂತಾಳಲ್ಲ ಈಕಿ!" ನಿಂಬೆವ್ವ ಕೊಸರಿಕೊಂಡು ಮಹೆಕಳ ಕಡೆ ನೋಡಿದಳು. "ಈಕೀ ತಲಿ ನೆಟ್ಟಗದ ಇಲ್ಲೋ?"

ಮಹೆಕಳ ಕೈಗೆ ಆಗಲೇ ಪೆನ್ನು ಬಂದಿತ್ತು. "ಆಕೀದು ಬಿಡ್ರಿ ಆಯಿ. ಪರಿಹಾರದ ಅರ್ಜಿ ನಾ ಬರದು ಕೊಡ್ತೇನಿ. ತೋಳ ಮರಿ ಒಯ್ದಾಗ ನಿಮಗ ಏನನಸ್ತು, ಅದನ್ನ ಹೇಳ್ರಿ."

"ಏನನಸ್ತದ? ಹೊಟ್ಟಿ ಉರೀತು! ಬರ್ಕೋ!"

ಮಹೆಕ ಮುದುಕಿಯ ಕೈ ಹಿಡಿದು ಕುರಿಗಳ ಕಡೆ ಕರೆದುಕೊಂಡು ಹೋದಳು. ಹೋಗುವಾಗ ತಿರುಗಿ, ಇಬ್ಬರನ್ನೂ ನೋಡಿ, ಬೇಕಂತಲೇ ಹುಬ್ಬು ಹಾರಿಸಿದಳು.

ಪೊದೆಯ ಹತ್ತಿರ ಇಬ್ಬರೇ ಉಳಿದರು. ಬಿಸಿಲು ಹಿತವಾಗಿತ್ತು. ಪಂಚಶೀಲಾ ಈಗ ಆ ಸ್ವೆಟರಿನ ಚೀಟಿಯನ್ನು ಧೈರ್ಯವಾಗಿ ಒಳಗೆ ತಳ್ಳಿದಳು. ದೌಲತರಾಯ ಅಲುಗಾಡದೆ ನಿಂತ. ಅವಳ ಬೆರಳು ಕತ್ತಿಗೆ ತಗುಲಿದಲ್ಲಿ ಅವನಿಗೆ ಕಚಗುಳಿಯಾಗಿ ಭುಜ ಮೇಲೆ ಹೋಯಿತು.

"ನನಗ ಹೇಳದ ಇನ್ನ ಏನೇನು ಮಾಡಿದಿ?" ಎಂದು ಕೇಳಿದಳು. "ಎಲ್ಲಾ ಈಗೇ ಹೇಳಿಬಿಡು. ಇನ್ನೊಂದು ಸಲ ನನಗ ಈ ಹೆದರಿಕಿ ತಡಕೊಳ್ಳಾಕ ಆಗಂಗಿಲ್ಲ."

ಅವನು ತಲೆ ಕೆರೆದುಕೊಂಡ. "ಇನ್ನೊಂದದ."

"ಏನು?"

"ನಮ್ಮವ್ವಗ ಹೇಳೇನಿ. ಲಗ್ನ ಮಾಡಿಕೊಂಡ್ರ ಪಂಚಶೀಲಾನ್ನೇ ಅಂತ."

ಪಂಚಶೀಲಾ ಕೈ ಹಿಂದಕ್ಕೆ ತೆಗೆದಳು. ಅವನದು ಗೊಬ್ಬೂರಿನ ಲಿಂಗಾಯತರ ಮನೆ. ತನ್ನದು ಮಾದನಹಿಪ್ಪರಗಾದ ಬೌದ್ಧರ ಮನೆ. ಆ ಎರಡು ಮನೆಗಳ ನಡುವಿನ ದಾರಿ ಎಷ್ಟು ದೂರವೆಂದು ಬಸ್ ಕಂಡಕ್ಟರನಿಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ದಿನ ಅವಳ ಬಾಯಿ ಕಟ್ಟಿದ್ದು ಅದೇ.

"ಏನಂದ್ರು?"

"ದೀಪಾವಳಿಯಿಂದ ಮಾತೇ ಬಿಟ್ಟಿದ್ಳು. ಮೊನ್ನೆ ತಾನಾಗೇ ಫೋನ್ ಹಚ್ಚಿದ್ಳು. 'ತೋಳಕ್ಕ ಅಂಜದಾಕಿ ನನಗ್ಯಾಕ ಅಂಜ್ತಾಳ, ಕರಕೊಂಡು ಬಾ, ನೋಡ್ತೇನಿ' ಅಂದ್ಳು."

ಪಂಚಶೀಲಾಳಿಗೆ ನಗುವೂ ಬಂತು, ಮತ್ತೆ ಅಳುವೂ ಬಂತು. ಎರಡನ್ನೂ ತಡೆದು ಸೊಂಟದ ಮೇಲೆ ಕೈಯಿಟ್ಟಳು.

"ಅವ್ವಗ ಕೇಳಿದಿ. ನನಗ ಯಾವಾಗ ಕೇಳಾಂವ?"

ದೌಲತರಾಯ ಏನೋ ಅಂದ. ಅಷ್ಟರಲ್ಲಿ ನಿಂಬೆವ್ವನ ಹಿಂಡು ಬದು ಹತ್ತಿ ಇಳಿದು ಇಬ್ಬರ ಸುತ್ತ ತುಂಬಿಕೊಂಡಿತು. ಹೊಲ ತುಂಬ ಬ್ಯಾ ಬ್ಯಾ. ಅವನ ತುಟಿ ಆಡಿದ್ದು ಕಂಡಿತು. ಏನೆಂದು ತಿಳಿಯದಷ್ಟು ಅವಳು ಪೆದ್ದಿಯಲ್ಲ. ಆದರೂ ಕಿವಿಯ ಹತ್ತಿರ ಕೈ ಹಿಡಿದು, "ಕೇಳಲಿಲ್ಲ! ಜೋರಾಗಿ ಹೇಳು!" ಎಂದಳು.

ಅವನ ಕಿವಿಯ ತನಕ ಕೆಂಪೇರಿತು. ಒಮ್ಮೆ ಮಹೆಕಳ ಕಡೆ ನೋಡಿದ, ಒಮ್ಮೆ ಆಕಾಶ ನೋಡಿದ. ಆಮೇಲೆ ಎದೆ ತುಂಬ ಉಸಿರೆಳೆದು, ಆ ಹೊಲಕ್ಕೆಲ್ಲ ಕೇಳುವ ಹಾಗೆ ಕೂಗಿದ, "ಪಂಚಶೀಲಾ! ನನ್ನ ಮಾಡಿಕೋತಿಯೇನು?"

ಕುರಿಗಳು ದಿಕ್ಕಾಪಾಲಾದವು. ನಿಂಬೆವ್ವ ಕೋಲೆತ್ತಿಕೊಂಡು ಅವುಗಳ ಹಿಂದೆ ಓಡುತ್ತಲೇ ಕಿರುಚಿದಳು, "ಹ್ಞೂಂ ಅಂದು ಮುಗಸಬಾರದೇನ ಬೇ ಹುಡುಗಿ, ನನ್ನ ಕುರಿ ಬೆದರ್ತಾವ!"

"ಹ್ಞೂಂ ಆಯಿ," ಎಂದಳು ಪಂಚಶೀಲಾ, ದೌಲತರಾಯನನ್ನೇ ನೋಡುತ್ತ. "ಹ್ಞೂಂ."