ಬೆನ್ನಿಗೆ ಬೆಳ್ಳಿ ಬಳಿದ ಹರಳು

"ನಮ್ಮಮ್ಮನ ಪದಕದ ಹರಳನ್ನ ಆ ವ್ಯಾಪಾರಿ ನನ್ನ ಕಣ್ಣೆದುರಿಗೇ ಗುಳುಂ ಮಾಡ್ದ ಸಾರ್!"

ವಕೀಲರ ಮನೆ ಬಾಗಿಲಲ್ಲಿ ನಿಂತ ಹೆಂಗಸು ಇನ್ನೂ ಏದುಸಿರು ಬಿಡುತ್ತಿದ್ದಳು. ಊಟದ ತಟ್ಟೆ ತೊಳೆಯುತ್ತಿದ್ದ ಕಂಪೌಂಡರ್ ಕೈ ಒರೆಸಿಕೊಂಡು ಅವಳಿಗೆ ಕುರ್ಚಿ ಹಾಕಿದರು. ಹೆಂಡತಿ ತೀರಿಕೊಂಡ ಮೇಲೆ ಅವರು ಎರಡು ಹೊತ್ತೂ ಮಹಡಿಯ ವಕೀಲರ ಜೊತೆಗೇ ಉಣ್ಣುತ್ತಿದ್ದರು. ಒಬ್ಬರೇ ಕೂತರೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ವಕೀಲರು ಕೋರ್ಟು ಬಿಟ್ಟು ಎಷ್ಟೋ ಕಾಲವಾಗಿತ್ತು. ಎದುರಿನವರು ಏನೆಂದರೂ "ಹೌದೌದು" ಎಂದು ತಲೆಯಾಡಿಸುತ್ತಲೇ ಅವರ ವಾದದ ಬುಡಕ್ಕೇ ನೀರು ತರುತ್ತಿದ್ದರಿಂದ ಊರವರಿಗೆ ಅವರು 'ಹೌದೌದು ವಕೀಲರು'. ಬಿಡಿಸಲಾಗದ ಗಂಟುಗಳೆಲ್ಲ ಅವರ ಮನೆಗೇ ಬರುತ್ತಿದ್ದವು.

ಹೆಂಗಸು ಬಟ್ಟೆ ಹೊಲಿಯುವವಳು. ದೂರದ ಊರಿನ ಹೊಲಿಗೆ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿ ಮನೆ ಹಿಡಿಯಲು, ತಾಯಿ ಅವಳಿಗೆಂದೇ ಬಿಟ್ಟುಹೋದ ಅಕ್ವಾಮರೀನ್ ಎಂಬ ತೆಳುನೀಲಿ ಹರಳಿನ ಪದಕವನ್ನು ಮಾರಲು ಹೊರಟಿದ್ದಳು. ಸಡಿಲವಾಗಿದ್ದ ಚಿನ್ನದ ಕೊಕ್ಕೆಗಳನ್ನು ಹೋದ ವಾರ ಅಕ್ಕಸಾಲಿಯ ಹತ್ತಿರ ಬಿಗಿ ಮಾಡಿಸಿ ತಂದಳು. ಆಮೇಲೆ ಅದು ಅಕ್ಕನ ಬೀರುವಿನಲ್ಲಿತ್ತು. ಬೆಳಿಗ್ಗೆ ಅಕ್ಕ ಕೊಟ್ಟ ಡಬ್ಬಿಯನ್ನು ಅಂಗಡಿಯಲ್ಲೇ ತೆರೆದಳು. ವ್ಯಾಪಾರಿ ಅದನ್ನು ಒಳಗಿನ ಕಿಟಕಿಯ ಬಳಿ ಒಯ್ದು, ಮರುಕ್ಷಣವೇ ಬಂದು, "ಇದು ಅಸಲಿ ಅಲ್ಲಮ್ಮ" ಅಂದನಂತೆ.

"ಹೌದೌದು," ಎಂದರು ವಕೀಲರು. "ಡಬ್ಬಿ ತೆರೆದಾಗ ಹರಳು ಹೇಗಿತ್ತು?"

"ಮೊದಲಿಗಿಂತ ಜಾಸ್ತಿ ಹೊಳೀತಿತ್ತು. ಅಕ್ಕಸಾಲಿಯಿಂದ ತಂದಾಗ ಬಿಚ್ಚಿ ನೋಡಿರ್ಲಿಲ್ಲ, ಅವನೇ ಚೆನ್ನಾಗಿ ತೊಳ್ದಿದಾನೆ ಅಂದ್ಕೊಂಡೆ."

ವಕೀಲರೂ ಕಂಪೌಂಡರೂ ಹೋದಾಗ ಅಂಗಡಿಯಲ್ಲಿ ವ್ಯಾಪಾರಿ ಕೆಂಡಾಮಂಡಲವಾಗಿದ್ದ. ತನ್ನಲ್ಲಿದ್ದ ಒಂದು ಅಕ್ವಾಮರೀನನ್ನು ಕಂಪೌಂಡರ್ ಕೈಗಿಟ್ಟು, "ಕೊಳ್ಳೋವಾಗ ಮೊದಲು ಬೆಳಕಿಗೆ ಹಿಡೀಬೇಕು. ಹೀಗೆ. ಈಗ ಮೆಲ್ಲಗೆ ತಿರುಗಿಸಿ," ಅಂದ. ಒಂದು ಮಗ್ಗುಲಿಂದ ಕಡಲಿನ ತೆಳುನೀಲಿ. ಇನ್ನೊಂದು ಮಗ್ಗುಲಿಂದ ನೀರಿನಂತೆ, ಬಣ್ಣವೇ ಇಲ್ಲವೆನ್ನುವಷ್ಟು ತಿಳಿ. "ಎರಡು ಮುಖ ಇದಕ್ಕೆ. ನೀಲಿ ಗಾಢವಾದಷ್ಟೂ ಬೆಲೆ ಹೆಚ್ಚು. ಈಗ ಆಯಮ್ಮನ ಪದಕ ನೋಡಿ!"

ಪದಕದ ಬೆನ್ನು ತೆರೆದೇ ಇತ್ತು, ಆದರೆ ಹರಳಿನೊಳಗೆ ಬೆಳಕು ಹಾಯಲಿಲ್ಲ. ಹಿಂದೆ ಹೊಳಪಿಗೆಂದು ಬಳಿದ ಬೆಳ್ಳಿಯಂಥ ಲೇಪ. ಭೂತಗನ್ನಡಿಯಲ್ಲಿ ಗುಂಡಗಿನ ಗಾಳಿಗುಳ್ಳೆಗಳು ಕಂಡವು. ಬರೀ ಗಾಜು.

ಅಕ್ಕಸಾಲಿಯನ್ನು ಕೇಳಿದರೆ, "ನಾನು ಕೊಟ್ಟಿದ್ದು ಅಸಲೀನೇ ಸ್ವಾಮಿ. ಮಾರೋಕೆ ಅಂತ ಅವರೇ ಹೇಳಿದ್ರು," ಎಂದು ಆಣೆ ಮಾಡಿದ.

ಅಲ್ಲಿಂದ ಅಕ್ಕ ತಂಗಿಯರ ಮನೆಗೆ ಹೋದರು. ಒಂದೇ ಕೋಣೆ, ಎರಡು ಮಂಚ. ಒಂದರ ಮೇಲೆ ತಂಗಿ ಕಟ್ಟಿಟ್ಟ ಟ್ರಂಕು. ಮೇಜಿನ ತುಂಬ ನಾಟಕದ ಕಿರೀಟ, ತೋಳಬಂದಿ, ಅಂಟು, ಚಿಮಟ, ಬಣ್ಣದ ಹರಳು. ಅಕ್ಕನ ಹೊಟ್ಟೆಪಾಡು ಅದೇ. ಅವಳು ಟ್ರಂಕಿನ ಕಡೆ ಒಮ್ಮೆಯೂ ನೋಡದೆ ಮಾತಾಡಿದ್ದು ಕಂಪೌಂಡರ್‌ಗೆ ಕಂಡಿತು. ತೀರಿಕೊಂಡ ಹೆಂಡತಿಯ ಸೀರೆಗಳಿದ್ದ ಕಪಾಟಿನ ಕಡೆ ತಾವೂ ನೋಡುತ್ತಿರಲಿಲ್ಲ.

ಮರುದಿನ ಎಲ್ಲರೂ ಅಂಗಡಿಯಲ್ಲಿ ಸೇರಿದರು.

"ವ್ಯಾಪಾರಿ ಕದ್ದ ಅಂತೀರಿ. ಹೌದೌದು," ವಕೀಲರು ಶುರು ಮಾಡಿದರು. "ಆದರೆ ಅವನು ಈ ಪದಕವನ್ನ ನಿನ್ನೆವರೆಗೆ ನೋಡಿರಲೇ ಇಲ್ಲ. ಅದೇ ಅಳತೆಯ ಗಾಜು ಸಿದ್ಧವಾಗಿಟ್ಟುಕೊಳ್ಳೋದು ಹೇಗೆ? ಕೊಕ್ಕೆ ಬಿಚ್ಚಿ ಕೂರಿಸೋಕೆ ಮರುಕ್ಷಣ ಸಾಕಾ? ಹೊಳಪೂ ಡಬ್ಬಿ ತೆರೆದಾಗಲೇ ಹೆಚ್ಚಿತ್ತು. ಅಂದರೆ ಹರಳು ಮೊದಲೇ ಬದಲಾಗಿತ್ತು."

"ಹಾಗಾದ್ರೆ ಅಕ್ಕಸಾಲಿ!" ಎಂದಳು ತಂಗಿ.

"ಅವನಿಗೆ ಇದು ಮಾರಾಟಕ್ಕೆ ಹೋಗೋದು ಗೊತ್ತಿತ್ತು. ಕೊಳ್ಳೋನು ಮೊದಲು ಬೆಳಕಿಗೇ ಹಿಡೀತಾನೆ ಅನ್ನೋದೂ ಗೊತ್ತು. ಮೋಸ ಮಾಡೋನು ಬೆಳಕು ಹಾಯೋ ಅಗ್ಗದ ನೀಲಿ ಕಲ್ಲು ಕೂರಿಸ್ತಿದ್ದ. ಬೆನ್ನಿಗೆ ಬೆಳ್ಳಿ ಬಳಿದ ಗಾಜು ಸಿಕ್ಕಿಬೀಳೋಕೇ ಇಟ್ಟಿದ್ದು. ಅದನ್ನಿಟ್ಟವರಿಗೆ ಹರಳು ಬೇಕಿರಲಿಲ್ಲ, ಮಾರಾಟ ಮುರೀಬೇಕಿತ್ತು. ಅಂಥ ಗಾಜು, ಅಂಥ ಕೈಚಳಕ, ಬೀರುವಿನ ಬೀಗದಕೈ, ಮೂರೂ ಯಾರ ಹತ್ತಿರ ಇದೆ?"

ಅಕ್ಕ ಕರವಸ್ತ್ರದ ಗಂಟು ಬಿಚ್ಚಿ ತೆಳುನೀಲಿ ಹರಳನ್ನು ಮೇಜಿನ ಮೇಲಿಟ್ಟಳು.

"ನಿನ್ನ ತೊಟ್ಟಿಲು ತೂಗಿದವಳು ನಾನು ಕಣೇ. ನೀನು ಹೋದ್ರೆ ನಾನು ಯಾರ ಹತ್ರ ಜಗಳ ಆಡ್ಲಿ?"

ತಂಗಿಯ ಕಣ್ಣು ತುಂಬಿತು. "ಬಾಯಿ ಬಿಟ್ಟು ಹೇಳೋದಲ್ವಾ ಅಕ್ಕಾ? ನೀನೂ ಬಾ ನನ್ಜೊತೆ."

"ಬೇಡ. ನನ್ನ ಕೆಲಸ ಇಲ್ಲಿದೆ. ಮಾರ್ಬಿಡು."

ತಂಗಿ ಹರಳನ್ನು ವ್ಯಾಪಾರಿಯ ಕಡೆ ಸರಿಸಿದಳು.

ಬೆಲೆಯ ಮಾತು ಮುಗಿಯುವ ಮೊದಲೇ ಅಕ್ಕ ಎದ್ದಳು. ಒಂದೇ ದಾರಿಯೆಂದು ಕಂಪೌಂಡರ್ ಜೊತೆಗೆ ನಡೆದರು. ಅವಳ ಮನೆ ಬಂತು. ಬೀಗ ತೆಗೆದು ಬಾಗಿಲು ತಳ್ಳಿ, ಅಭ್ಯಾಸಬಲದಿಂದ ಒಳಗಿನ ಕತ್ತಲೆಗೆ, "ಬಂದೆ ಕಣೇ" ಅಂದಳು. ಅಂದವಳೇ ಹೊಸ್ತಿಲಲ್ಲಿ ನಿಂತುಬಿಟ್ಟಳು.

"ನಾನೂ ಹಾಗೇ ಅಂತೀನಮ್ಮ, ದಿನಾ," ಎಂದರು ಕಂಪೌಂಡರ್.